ಮಠದ ಅಕ್ಷತೆ ಸಾಕಾ, ಸರ್ಕಾರದ ಸಹಿ ಬೇಕಾ?

ಪ್ರಶ್ನೆ: ನಾನು ದಾವಣಗೆರೆಯವಳು, ನಮ್ಮದು ಲಿಂಗಾಯತರ ಮನೆ. ಮದುವೆಯಾಗಬೇಕೆಂದಿರುವ ಹುಡುಗ ಚಳ್ಳಕೆರೆ ಕಡೆಯವರು, ನಾಯಕ ಸಮುದಾಯ. ಎರಡೂ ಮನೆಯವರನ್ನು ಒಪ್ಪಿಸಿದ್ದಾಯ್ತು. ಈಗಿನ ಜಗಳ ಬೇರೆ. ಅಪ್ಪಾಜಿ, "ಸ್ವಾಮಿಗಳ ಸನ್ನಿಧಿಯಲ್ಲಿ ತಾಳಿ ಕಟ್ಟಿದ್ರೆ ಮದುವೆ ಆಯ್ತು, ರಿಜಿಸ್ಟರ್ ಎಲ್ಲ ಪಾಸ್‌ಪೋರ್ಟಿಗೆ" ಅಂತಾರೆ. ಹುಡುಗ, "ಸಹಿ ಹಾಕಿದ್ದೇ ಮದುವೆ, ಉಳಿದದ್ದು ಮನೆಯವರ ಸಂತೋಷಕ್ಕೆ" ಅಂತಾರೆ. ಯಾರ ಮಾತು ಸರಿ? ಫ್ರಾನ್ಸ್‌ನಲ್ಲಿ ಧರ್ಮದ ಮದುವೆ ಬೇರೆ, ಸರ್ಕಾರದ ಮದುವೆ ಬೇರೆ ಅಂತ ಓದಿದ್ದೇನೆ. ನಮ್ಮಲ್ಲೂ ಹಾಗೆ ಬೇರೆ ಮಾಡಿಬಿಟ್ಟರೆ ಈ ಗೊಂದಲವೇ ಇರಲ್ಲ ಅಲ್ವಾ?

ಉತ್ತರ: ನೋಡಮ್ಮಾ, ನೀವು ಏನು ಮಾಡಬೇಕು ಅನ್ನೋದನ್ನು ಮೊದಲೇ ಹೇಳಿಬಿಡುತ್ತೇನೆ. ನೀವಿಬ್ಬರೂ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಿ. ಅದಾದ ಮೇಲೆ ಸ್ವಾಮಿಗಳ ಸನ್ನಿಧಿಯಲ್ಲಾಗಲಿ, ಚಳ್ಳಕೆರೆಯಲ್ಲಿ ಹುಡುಗನ ಮನೆ ಮುಂದೆ ಚಪ್ಪರ ಹಾಕಿಯಾಗಲಿ, ನಿಮಗೆ ಹೇಗೆ ಬೇಕೋ ಹಾಗೆ ಶಾಸ್ತ್ರ ಮಾಡಿಕೊಳ್ಳಿ. ಶಾಸ್ತ್ರವೇ ಮೊದಲು ಆಗಿಹೋದರೆ ಗಾಬರಿ ಬೇಡ, ಆಗಿರುವ ಮದುವೆಯನ್ನು ಅದೇ ಕಾಯ್ದೆಯ 15ನೇ ಕಲಂನಡಿ ನೋಂದಾಯಿಸಬಹುದು. ಆದರೆ ಸಹಿ ಮೊದಲು, ಶಾಸ್ತ್ರ ಆಮೇಲೆ ಅಂತಾದರೆ ದಾಖಲೆ ಸಲೀಸಾಗಿರುತ್ತದೆ. ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ ಅನ್ನೋದಕ್ಕೆ ಸ್ವಲ್ಪ ಉದ್ದಕ್ಕೆ ಬರೆಯಬೇಕು.

ನಿಮ್ಮ ಅಪ್ಪಾಜಿಯವರ ಮಾತನ್ನು ಹಳೇ ಕಾಲದ್ದು ಅಂತ ತಳ್ಳಿಹಾಕಬೇಡಿ. 1955ರ ಹಿಂದೂ ವಿವಾಹ ಕಾಯ್ದೆ ಹೆಚ್ಚುಕಡಿಮೆ ಅವರ ಮಾತನ್ನೇ ಹೇಳುತ್ತದೆ. ಅದರ 7ನೇ ಕಲಂ ಪ್ರಕಾರ ಮದುವೆ ಆಗುವುದು ಶಾಸ್ತ್ರದಿಂದ. ಹುಡುಗನ ಕಡೆಯ ರೂಢಿಯಾದರೂ ಸರಿ, ಹುಡುಗಿ ಕಡೆಯದಾದರೂ ಸರಿ. 8ನೇ ಕಲಂ ನೋಂದಣಿಯ ಬಗ್ಗೆ ಹೇಳುತ್ತದೆ, ಆದರೆ ನೋಂದಣಿ ಮಾಡಿಸದಿದ್ದರೆ ಮದುವೆ ಅಸಿಂಧು ಆಗಲ್ಲ ಅಂತಲೂ ಅಲ್ಲೇ ಬರೆದಿದೆ. ಸಪ್ತಪದಿ ತುಳಿಯದಿದ್ದರೆ ಮದುವೆಯೇ ಅಲ್ಲ ಅನ್ನೋ ನಂಬಿಕೆ ಬಹಳ ಜನಕ್ಕಿದೆ. ಅದೂ ಸರಿಯಲ್ಲ. ಯಾರ ರೂಢಿಯಲ್ಲಿ ಸಪ್ತಪದಿ ಇದೆಯೋ ಅವರಿಗೆ ಮಾತ್ರ ಏಳನೇ ಹೆಜ್ಜೆಗೆ ಮದುವೆ ಪೂರ್ತಿಯಾಗುತ್ತದೆ ಅಂತ ಕಾಯ್ದೆ ಹೇಳುತ್ತದೆ. ನಮ್ಮ ಕಡೆ ಎಷ್ಟೋ ಲಿಂಗಾಯತ ಮದುವೆಗಳಲ್ಲಿ ಹೋಮವೂ ಇರಲ್ಲ, ಸಪ್ತಪದಿಯೂ ಇರಲ್ಲ. ಇಷ್ಟಲಿಂಗ, ವಿಭೂತಿ, ಮಾಂಗಲ್ಯ, ಅಕ್ಷತೆ, ಕೆಲವು ಕಡೆ ವಚನ ಪಠಣ, ಅಷ್ಟೇ. ಅವೆಲ್ಲ ಕಾನೂನಿನ ಕಣ್ಣಲ್ಲಿ ಒಳ್ಳೇ ಮದುವೆಗಳೇ.

ಇನ್ನು ಹುಡುಗನ ಮಾತು. ಸಹಿ ಹಾಕಿದ್ದೇ ಮದುವೆ ಅನ್ನೋದು ಹಿಂದೂ ವಿವಾಹ ಕಾಯ್ದೆಯ ಮಟ್ಟಿಗೆ ಪೂರ್ತಿ ತಪ್ಪು. ತಪ್ಪು ಮಾತ್ರ ಅಲ್ಲ, ಅಪಾಯ. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರ ಪೀಠ. ಗಂಡು ಹೆಣ್ಣು ಇಬ್ಬರೂ ಪೈಲಟ್ ತರಬೇತಿ ಪಡೆದವರು. ಯಾವುದೋ ಸಂಸ್ಥೆಯಿಂದ ಮದುವೆಯಾಗಿದೆ ಅಂತ ಒಂದು ಸರ್ಟಿಫಿಕೇಟ್ ಬರೆಸಿಕೊಂಡು, ಅದನ್ನು ತೋರಿಸಿ ಸರ್ಕಾರದಲ್ಲಿ ನೋಂದಣಿಯನ್ನೂ ಮಾಡಿಸಿದ್ದರು, ಶಾಸ್ತ್ರ ಮಾತ್ರ ಆಗಿರಲೇ ಇಲ್ಲ, ಮುಂದೆ ಮಾಡಿಕೊಂಡರಾಯ್ತು ಅಂತ ಬಿಟ್ಟಿದ್ದರು, ಅಷ್ಟರಲ್ಲಿ ಸಂಬಂಧ ಕೆಟ್ಟಿತು. ಶಾಸ್ತ್ರ ನಡೆಯದೆ ನೋಂದಣಿಯಿಂದ ಮದುವೆ ಹುಟ್ಟುವುದಿಲ್ಲ, ಇವರು ಯಾವತ್ತೂ ಗಂಡ ಹೆಂಡತಿ ಆಗಿರಲೇ ಇಲ್ಲ ಅಂತ ಕೋರ್ಟು ಘೋಷಿಸಿತು. ಸರ್ಕಾರದ ಮೊಹರು ಇದ್ದ ಕಾಗದ ಹಾಗೇ ಉಳಿಯಿತು, ಬೆಲೆ ಮಾತ್ರ ಇಲ್ಲ. ವೀಸಾಕ್ಕೆ ಬೇಕು, ಮನೆ ಲೋನಿಗೆ ಬೇಕು ಅಂತ ಮೊದಲು ಸರ್ಟಿಫಿಕೇಟ್ ಮಾಡಿಸಿಕೊಂಡು ಮದುವೆಯನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುವ ಮಕ್ಕಳು ಈಗ ನಮ್ಮ ಕಡೆಯೂ ಇದ್ದಾರೆ. ಅವರೆಲ್ಲ ಈ ತೀರ್ಪನ್ನು ಒಮ್ಮೆ ಓದಬೇಕು.

ಆದರೆ 1954ರ ವಿಶೇಷ ವಿವಾಹ ಕಾಯ್ದೆಗೆ ಬನ್ನಿ, ಅಲ್ಲಿ ಹುಡುಗನ ಮಾತೇ ಸರಿ. ಅಲ್ಲಿ ವಿವಾಹಾಧಿಕಾರಿಯ ಮುಂದೆ, ಮೂರು ಸಾಕ್ಷಿಗಳ ಎದುರಿಗೆ, ಇವರನ್ನು ನನ್ನ ಗಂಡನಾಗಿ, ಇವರನ್ನು ನನ್ನ ಹೆಂಡತಿಯಾಗಿ ಒಪ್ಪಿದ್ದೇನೆ ಅಂತ ಬಾಯಿಬಿಟ್ಟು ಹೇಳಿ ಸಹಿ ಹಾಕಿದರೆ ಮದುವೆ ಆಯ್ತು. ಮಂತ್ರ, ಅಗ್ನಿ, ತಾಳಿ, ಜಾತಿ, ಧರ್ಮ ಯಾವುದನ್ನೂ ಅದು ಕೇಳಲ್ಲ. ತೊಂದರೆ ಏನಪ್ಪಾ ಅಂದ್ರೆ ಎರಡೂ ಕೆಲಸ ಸಾಮಾನ್ಯವಾಗಿ ನಡೆಯುವುದು ಅದೇ ಉಪನೋಂದಣಾಧಿಕಾರಿ ಕಚೇರಿಯಲ್ಲಿ, ಜನ ಎರಡಕ್ಕೂ ಹೇಳುವುದು ರಿಜಿಸ್ಟರ್ ಮದುವೆ ಅಂತಲೇ. ಒಂದು ಕಡೆ ಆಗಿರೋ ಮದುವೆಯನ್ನು ಪುಸ್ತಕಕ್ಕೆ ಏರಿಸುತ್ತಾರೆ, ಇನ್ನೊಂದು ಕಡೆ ಮದುವೆಯನ್ನೇ ಮಾಡಿಸುತ್ತಾರೆ. ಅರ್ಜಿ ಫಾರಂ ತಗೊಳ್ಳುವಾಗ ಇದು ಯಾವ ಕಾಯ್ದೆಯದು ಅಂತ ಕೇಳಿಯೇ ತಗೊಳ್ಳಿ.

ನಿಮ್ಮ ವಿಷಯದಲ್ಲಿ ಇನ್ನೊಂದು ತೊಡಕಿದೆ, ಇದನ್ನು ನಮ್ಮ ಜಿಲ್ಲೆಗಳಲ್ಲಿ ಯಾರೂ ಹೇಳುವುದೇ ಇಲ್ಲ. ಹಿಂದೂ ವಿವಾಹ ಕಾಯ್ದೆ ಯಾರಿಗೆಲ್ಲ ಅನ್ವಯ ಅನ್ನೋ 2ನೇ ಕಲಂನಲ್ಲಿ ವೀರಶೈವ, ಲಿಂಗಾಯತ ಅಂತ ಹೆಸರು ಹಿಡಿದೇ ಬರೆದಿದ್ದಾರೆ. ಅದೇ ಕಲಂನ ಮುಂದಿನ ಭಾಗದಲ್ಲಿ, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು ಪರಿಶಿಷ್ಟ ಪಂಗಡದವರಿಗೆ ಈ ಕಾಯ್ದೆ ಅನ್ವಯಿಸಲ್ಲ ಅಂತಲೂ ಇದೆ. ನಾಯಕರು ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡ. ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರು ಸೀಮೆಯಲ್ಲಿ ಅವರ ಸಂಖ್ಯೆ ಎಷ್ಟು ದೊಡ್ಡದು ಅಂತ ನಿಮಗೇ ಗೊತ್ತು. ಅವರ ಮದುವೆಗಳು ಅವರ ರೂಢಿಯ ಮೇಲೆ ನಿಂತಿವೆ. ದಿನನಿತ್ಯದ ಬಾಳಿಗೆ ಇದರಿಂದ ಏನೂ ತೊಂದರೆ ಇಲ್ಲ, ಊರಿಗೆಲ್ಲ ಗೊತ್ತಿರುವ ಮದುವೆಯನ್ನು ಯಾರೂ ಪ್ರಶ್ನೆ ಮಾಡಲ್ಲ. ವ್ಯಾಜ್ಯ ಹುಟ್ಟಿದಾಗ ಮಾತ್ರ ಪೇಚಾಟ. 2001ರಲ್ಲಿ ಸುಪ್ರೀಂ ಕೋರ್ಟಿಗೆ ಬಂದ ಒಂದು ಪ್ರಕರಣದಲ್ಲಿ, ಗಂಡ ಇನ್ನೊಂದು ಮದುವೆ ಮಾಡಿಕೊಂಡ ಅಂತ ಪರಿಶಿಷ್ಟ ಪಂಗಡದ ಹೆಣ್ಣುಮಗಳು ದೂರು ಕೊಟ್ಟಿದ್ದರು. ಎರಡನೇ ಮದುವೆ ನಿಮ್ಮ ಪಂಗಡದ ರೂಢಿಯಲ್ಲೇ ಅಸಿಂಧು ಅಂತ ನೀವು ತೋರಿಸಬೇಕು ಅಂದಿತು ಕೋರ್ಟು. ತೋರಿಸಲಾಗಲಿಲ್ಲ, ಕೇಸು ನಿಲ್ಲಲಿಲ್ಲ. ನಿಮ್ಮಿಬ್ಬರಲ್ಲಿ ಒಬ್ಬರಿಗೆ ಒಂದು ಕಾಯ್ದೆ ಹೆಸರು ಹಿಡಿದು ಅನ್ವಯ, ಇನ್ನೊಬ್ಬರಿಗೆ ಅದೇ ಕಾಯ್ದೆ ಹೊರಗಿಟ್ಟಿದೆ. ಈ ವಾದ ಮುಂದೆ ಯಾವತ್ತೂ ಏಳದ ಹಾಗೆ ನೋಡಿಕೊಳ್ಳಬೇಕು ಅಂದ್ರೆ ವಿಶೇಷ ವಿವಾಹ ಕಾಯ್ದೆಯೇ ದಾರಿ.

ಇಷ್ಟು ನಿಮ್ಮ ಮನೆಯ ಮಟ್ಟಿಗೆ. ಈಗ ನಿಮ್ಮ ದೊಡ್ಡ ಪ್ರಶ್ನೆ. ಬೇರೆ ಮಾಡಬೇಕಾ? ಮಾಡಬೇಕು ಅಂತಲೇ ನನ್ನ ಅಭಿಪ್ರಾಯ. ಹಕ್ಕು ಕೊಡುವ ಮದುವೆ ಎಲ್ಲ ಧರ್ಮದವರಿಗೂ ಒಂದೇ ಇರಲಿ, ಅದು ಸಹಿಯಿಂದ ಆಗಲಿ, ಮನಸ್ಸಿಗೆ ಬೇಕಾದ ಮದುವೆ ಅವರವರ ದೇವರ ಮುಂದೆ ಆಗಲಿ. ಆದರೆ ಸಹಿ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಹೆಂಡತಿಯಾಗಿ ಬಾಳಿದವಳ ಕೈಬಿಡುವ ಕಾನೂನು ಆಗಕೂಡದು. ಈ ಎರಡನೇ ಮಾತನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಜಾರಿ ಮಾಡುವುದಾದರೆ, ನಾನು ಅದಕ್ಕೆ ವಿರೋಧ.

ಶಾಸ್ತ್ರವೇ ಮದುವೆಗೆ ಆಧಾರ ಅಂತ ಇಟ್ಟುಕೊಂಡಿರುವುದರಿಂದ ಏನಾಗುತ್ತದೆ ಅನ್ನೋದಕ್ಕೆ ಒಂದು ಸಂಗತಿ ಹೇಳುತ್ತೇನೆ. ಜಗಳೂರು ಕಡೆಯ ಒಬ್ಬ ಹೆಣ್ಣುಮಗಳು ನನ್ನ ಹತ್ತಿರ ಬಂದಿದ್ದರು. ಗಂಡ ಗುಡ್ಡದ ಮೇಲಿನ ಒಂದು ದೇವಸ್ಥಾನದಲ್ಲಿ ಇನ್ನೊಂದು ಮದುವೆ ಮಾಡಿಕೊಂಡಿದ್ದ. ಫೋನಿಗೆ ಬಂದ ಫೋಟೋವನ್ನು ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ, ಹಳೇ ಕ್ಯಾಲೆಂಡರ್ ಹಾಳೆಯಲ್ಲಿ ಸುತ್ತಿಕೊಂಡು ತಂದಿದ್ದರು. ಫೋಟೋದಲ್ಲಿ ಎಲ್ಲ ಇತ್ತು. ಮೆಟ್ಟಿಲ ಮೇಲೆ ಇಬ್ಬರೂ ಹಾರ ಹಾಕಿಕೊಂಡು ನಿಂತಿದ್ದಾರೆ, ಅವಳ ಕೊರಳಲ್ಲಿ ಹೊಸ ಅರಿಶಿಣದ ದಾರ, ಅವನ ಹಣೆಗೆ ಬಾಸಿಂಗ. ಬಾಳೆಎಲೆ ಹಾಕಿ ಊರಿಗೆಲ್ಲ ಊಟ ಹಾಕಿದ್ದ. ಆದರೆ ಪೂಜಾರಿ ಸಾಕ್ಷಿ ಹೇಳಲು ಬರಲಿಲ್ಲ, ತಾಳಿ ಕಟ್ಟಿದ್ದನ್ನು ಕಣ್ಣಾರೆ ನೋಡಿದೆ ಅಂತ ಹೇಳಲು ಒಬ್ಬರೂ ಮುಂದೆ ಬರಲಿಲ್ಲ. ಎರಡನೇ ಮದುವೆಯ ಶಾಸ್ತ್ರ ಸರಿಯಾಗಿ ನಡೆದಿದ್ದನ್ನು ಸಾಬೀತು ಮಾಡದಿದ್ದರೆ ದ್ವಿಪತ್ನಿತ್ವದ ಅಪರಾಧವೇ ಆಗಲ್ಲ, ಇದು 1965ರಲ್ಲೇ ಸುಪ್ರೀಂ ಕೋರ್ಟ್ ಹೇಳಿದ ಮಾತು. ಏಳು ವರ್ಷದವರೆಗೆ ಶಿಕ್ಷೆ ಇರುವ ಅಪರಾಧ, ಹಿಂದೆ ದಂಡ ಸಂಹಿತೆಯ 494ನೇ ಕಲಂ, ಈಗ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಂ. ಅವನು ಬಿಡುಗಡೆಯಾದ. ಮೊದಲನೇ ಹೆಂಡತಿಗೆ ಮೋಸ ಆಯ್ತು, ಎರಡನೆಯವಳಿಗೂ ಆಯ್ತು. ಶಾಸ್ತ್ರ ಪೂರ್ತಿ ಮಾಡಿಕೊಂಡಿದ್ದರೆ ಜೈಲು, ಅರ್ಧ ಮಾಡಿಕೊಂಡರೆ ಪಾರು. ಇದನ್ನು ನ್ಯಾಯ ಅಂತ ನಾನು ಹೇಗೆ ಒಪ್ಪಲಿ? ಸರ್ಕಾರದ ಒಂದು ದಾಖಲೆಯಲ್ಲಿ ಎಲ್ಲರ ಮದುವೆಯೂ ಇದ್ದಿದ್ದರೆ ಮಂತ್ರ ಹೇಳಿದವರು ಯಾರು ಅಂತ ಹುಡುಕಿಕೊಂಡು ಗುಡ್ಡ ಹತ್ತುವ ಕೆಲಸ ಇರುತ್ತಿರಲಿಲ್ಲ.

ವಿಚ್ಛೇದನದ ವಿಷಯವೂ ಹೀಗೇ. ನಮ್ಮ ಹಳ್ಳಿಗಳಲ್ಲಿ ಈಗಲೂ ಪಂಚರನ್ನು ಕೂರಿಸಿ, ನೂರು ರೂಪಾಯಿ ಬಾಂಡಿನಲ್ಲಿ ಬರೆದು, ಇಬ್ಬರ ಸಹಿ ಹಾಕಿಸಿ, ಒಡವೆ ವಸ್ತ್ರ ವಾಪಸ್ ಕೊಡಿಸಿ, ಆಯ್ತು ಇನ್ನು ನಿಮ್ಮ ದಾರಿ ನಿಮಗೆ ಅಂತ ಕಳಿಸುತ್ತಾರೆ. ಒಂದು ಸಮುದಾಯದಲ್ಲಿ ಅಂಥ ರೂಢಿ ಇದ್ದರೆ ಹಿಂದೂ ವಿವಾಹ ಕಾಯ್ದೆಯ 29ನೇ ಕಲಂ ಅದನ್ನು ಉಳಿಸಿದೆ, ನಿಜ. ಆದರೆ ರೂಢಿ ಇದೆ ಅಂತ ಹೇಳಿದವರೇ ಅದನ್ನು ಸಾಬೀತು ಮಾಡಬೇಕು. ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ 2002ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿದೆ. ಬಾಂಡಿನ ಮೇಲೆ ನಂಬಿಕೆ ಇಟ್ಟು ಮರುಮದುವೆಯಾದ ಹೆಂಗಸರು ಎಷ್ಟೋ ವರ್ಷದ ಮೇಲೆ ಪಿಂಚಣಿ ಅರ್ಜಿ ಹಾಕಿದಾಗ, ನಿಮ್ಮ ಮೊದಲನೇ ಮದುವೆ ಇನ್ನೂ ಮುಗಿದೇ ಇಲ್ಲವಲ್ಲ ಅನ್ನಿಸಿಕೊಳ್ಳುತ್ತಾರೆ. ಸಿರಿಗೆರೆ ಮಠದ ಸದ್ಧರ್ಮ ನ್ಯಾಯಪೀಠದ ಹೆಸರು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆಯುವ ಜಗಳಗಳು ಅಲ್ಲಿ ಮಾತಿನಲ್ಲಿ ಮುಗಿದಿವೆ, ಅದರ ಬಗ್ಗೆ ನನಗೆ ಗೌರವವಿದೆ. ಗಂಡ ಹೆಂಡತಿ ರಾಜಿಯಾಗಿ ಮನೆಗೆ ಹೋಗಲು ಅಂಥ ಜಾಗಕ್ಕಿಂತ ಒಳ್ಳೆಯದು ಇಲ್ಲ. ಆದರೆ ಬೇರೆಯಾಗುವುದೇ ತೀರ್ಮಾನ ಅಂತಾದರೆ ವಿಚ್ಛೇದನದ ಡಿಕ್ರಿ ಕುಟುಂಬ ನ್ಯಾಯಾಲಯದಿಂದಲೇ ಬರಬೇಕು.

ಇದು ಹಿಂದೂಗಳಿಗೆ ಮಾತ್ರ ಹೇಳುವ ಮಾತಲ್ಲ. ಚರ್ಚಿನ ನ್ಯಾಯಮಂಡಳಿ ಮದುವೆ ರದ್ದು ಮಾಡಿದರೆ ಅದನ್ನು ಕಾನೂನೂ ಒಪ್ಪಬೇಕು ಅಂತ ಮಂಗಳೂರಿನ ಕೆಥೋಲಿಕ್ ಮುಖಂಡ, ವಕೀಲ ಕ್ಲಾರೆನ್ಸ್ ಪಾಯ್ಸ್ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2017ರ ಜನವರಿಯಲ್ಲಿ ಅರ್ಜಿ ವಜಾ ಆಯ್ತು. ಚರ್ಚಿನ ತೀರ್ಮಾನ ಚರ್ಚಿನೊಳಗೆ, ಕಾನೂನಿನ ವಿಚ್ಛೇದನ ಕೋರ್ಟಿನಲ್ಲಿ. ಅದೇ ವರ್ಷ ಆಗಸ್ಟ್‌ನಲ್ಲಿ ಒಂದೇ ಉಸಿರಿನ ಮೂರು ತಲಾಖ್ ಬಿದ್ದುಹೋಯಿತು, 2019ರ ಕಾಯ್ದೆ ಅದನ್ನು ಅಪರಾಧ ಮಾಡಿತು. ನಿಕಾಹ್‌ನ ಒಂದು ಒಳ್ಳೇ ಗುಣ ನಾನು ಎಲ್ಲರಿಗೂ ಹೇಳುತ್ತೇನೆ. ಅದು ಮೊದಲಿನಿಂದಲೂ ಒಪ್ಪಂದ. ಹುಡುಗಿಯ ಒಪ್ಪಿಗೆ ಕೇಳಲೇಬೇಕು, ಗಂಡ ಹೆಂಡತಿಗೆ ಕೊಡಬೇಕಾದ ಮೆಹರ್ ಎಷ್ಟು ಅಂತ ಸಾಮಾನ್ಯವಾಗಿ ಬರೆದಿಡುತ್ತಾರೆ, ಸಾಕ್ಷಿಗಳು ಸಹಿ ಹಾಕುತ್ತಾರೆ. ಆದರೆ ಆ ದಾಖಲೆ ಎಲ್ಲಿರಬೇಕು ಅನ್ನೋದೇ ಜಗಳ. 2023ರಲ್ಲಿ ನಮ್ಮ ರಾಜ್ಯ ಸರ್ಕಾರ ಮುಸ್ಲಿಮರ ಮದುವೆ ಪ್ರಮಾಣಪತ್ರ ಕೊಡುವ ಅಧಿಕಾರವನ್ನು ವಕ್ಫ್ ಮಂಡಳಿಗೆ ಕೊಟ್ಟಿತು, 2024ರ ನವೆಂಬರ್‌ನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಪ್ರಮಾಣಪತ್ರ ಕೊಡುವುದು ಸರ್ಕಾರದ ಕೆಲಸ. ಮಠಕ್ಕೂ ಬೇಡ, ಮಂಡಳಿಗೂ ಬೇಡ, ಚರ್ಚಿಗೂ ಬೇಡ.

ಇನ್ನೂ ಒಂದು ವಿಚಿತ್ರ ನೋಡಿ. 2020ರಲ್ಲಿ ಮುಜರಾಯಿ ಇಲಾಖೆ ಸಪ್ತಪದಿ ಅಂತ ಸಾಮೂಹಿಕ ವಿವಾಹದ ಯೋಜನೆ ತಂದಿತು. ತಾಳಿಗೆ, ಬಟ್ಟೆಗೆ ದೇವಸ್ಥಾನದ ಹಣ, ಏರ್ಪಾಟು ಸರ್ಕಾರದ್ದು. ಸಾಲ ಮಾಡಿ ಮದುವೆ ಮಾಡುವ ಬಡವರಿಗೆ ಇದರಿಂದ ಉಪಕಾರ ಆಗಿದೆ, ಅದನ್ನು ನಾನು ಅಲ್ಲಗಳೆಯಲ್ಲ. ಆದರೆ ಶಾಸ್ತ್ರ ಮಾಡಿಸುವ ಉತ್ಸಾಹ ಸರ್ಕಾರಕ್ಕೆ ಇರುವಾಗ, ವಿಶೇಷ ವಿವಾಹದ ಅರ್ಜಿ ಹಿಡಿದು ಬಂದ ಹುಡುಗ ಹುಡುಗಿಯನ್ನು ಕಚೇರಿಗಳಲ್ಲಿ ಕಳ್ಳರನ್ನು ನೋಡಿದ ಹಾಗೆ ಯಾಕೆ ನೋಡಬೇಕು?

ಫ್ರಾನ್ಸ್ ವಿಷಯ. 1792ರಲ್ಲಿ, ಕ್ರಾಂತಿಯ ಕಾಲದಲ್ಲಿ, ಮದುವೆಯನ್ನು ಚರ್ಚಿನ ಕೈಯಿಂದ ತೆಗೆದು ಪುರಸಭೆಗೆ ಕೊಟ್ಟರು. ಇವತ್ತಿಗೂ ಮೇಯರ್ ಕಚೇರಿಯಲ್ಲಿ ಮದುವೆ ಮೊದಲು, ಚರ್ಚು ಆಮೇಲೆ. ಅಲ್ಲಿ ಆಗದೆ ಇಲ್ಲಿ ಶಾಸ್ತ್ರ ಮಾಡಿಸುವುದನ್ನೇ ರೂಢಿ ಮಾಡಿಕೊಂಡ ಪಾದ್ರಿಗೆ ಶಿಕ್ಷೆಯೂ ಇದೆ. ಜರ್ಮನಿಯಲ್ಲೂ ಬಹಳ ಕಾಲ ಸಹಿ ಮೊದಲು ಅನ್ನೋ ನಿಯಮ ಇತ್ತು, 2009ರಲ್ಲಿ ಅದನ್ನು ತೆಗೆದರು. ಇಸ್ರೇಲ್ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ದೇಶದೊಳಗೆ ಸಿವಿಲ್ ಮದುವೆಗೆ ಅವಕಾಶವೇ ಇಲ್ಲದ್ದರಿಂದ ಬೇರೆ ಬೇರೆ ಧರ್ಮದ ಜೋಡಿಗಳು ಸೈಪ್ರಸ್‌ಗೆ ಹೋಗಿ ಮದುವೆಯಾಗಿ ಬರುತ್ತಾರೆ. ಅಷ್ಟು ದೂರ ಯಾಕೆ, ಗೋವಾ ನೋಡಿ. ಪೋರ್ಚುಗೀಸರ ಕಾಲದ ಸಿವಿಲ್ ಕಾನೂನು ಅಲ್ಲಿ ಇನ್ನೂ ಇದೆ. ಮದುವೆಯಾಗುವವರು ಸಿವಿಲ್ ನೋಂದಣಾಧಿಕಾರಿ ಮುಂದೆ ಒಮ್ಮೆ ಇಚ್ಛೆ ತಿಳಿಸಿ ಸಹಿ ಹಾಕಬೇಕು, ಸ್ವಲ್ಪ ದಿನ ಬಿಟ್ಟು ಮತ್ತೆ ಹೋಗಿ ಗಟ್ಟಿ ಮಾಡಬೇಕು. ದೇವಸ್ಥಾನದ ಮದುವೆ ಅದರ ಪಾಡಿಗೆ ನಡೆಯುತ್ತದೆ. ಇದರಿಂದ ಗೋವಾದ ಹಿಂದೂಗಳ ಮದುವೆಗೆ ಕಳೆ ಕಮ್ಮಿಯಾಗಿದೆ ಅಂತ ನಾನಂತೂ ಎಲ್ಲೂ ಕೇಳಿಲ್ಲ.

ಆದರೆ ಬೇರೆ ಮಾಡಿದ ಕೂಡಲೇ ಎಲ್ಲ ಸರಿಹೋಗುತ್ತದೆ ಅನ್ನೋ ಭ್ರಮೆ ಬೇಡಮ್ಮಾ. ಟರ್ಕಿ 1926ರಲ್ಲಿ ಸ್ವಿಸ್ ಮಾದರಿಯ ಸಿವಿಲ್ ಕಾನೂನು ತಂದಿತು, ಮದುವೆ ಅಂದ್ರೆ ಸರ್ಕಾರಿ ಅಧಿಕಾರಿಯ ಮುಂದಿನದು ಮಾತ್ರ ಅಂತ. ಹಳ್ಳಿಗಳಲ್ಲಿ ಜನ ಇಮಾಮರ ಮುಂದೆ ಆಗುವ ಮದುವೆಯನ್ನೇ ಮದುವೆ ಅಂದುಕೊಂಡು ಬಾಳಿದರು. ಅಂಥ ಹೆಣ್ಣುಮಕ್ಕಳಿಗೆ ಕಾನೂನಿನಲ್ಲಿ ಹೆಂಡತಿ ಸ್ಥಾನ ಇಲ್ಲ, ಅವರ ಮಕ್ಕಳನ್ನು ಸಕ್ರಮ ಮಾಡಲು ಸರ್ಕಾರ ಆಗಾಗ ವಿಶೇಷ ಕಾಯ್ದೆ ತರಬೇಕಾಯ್ತು. ಇಂಗ್ಲೆಂಡಿನಲ್ಲಿ ಒಂದು ಜೋಡಿ 1998ರಲ್ಲಿ ಒಂದು ರೆಸ್ಟೋರೆಂಟಿನಲ್ಲಿ ನಿಕಾಹ್ ಮಾಡಿಕೊಂಡಿತು, ಸಿವಿಲ್ ಮದುವೆ ಆಮೇಲೆ ಮಾಡಿಕೊಳ್ಳೋಣ ಅಂತ ಹೆಂಡತಿ ಕೇಳುತ್ತಲೇ ಇದ್ದರು, ಆಗಲೇ ಇಲ್ಲ, ನಾಲ್ಕು ಮಕ್ಕಳಾದವು. ಬೇರೆಯಾಗುವಾಗ 2020ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ಇದು ಅಸಿಂಧು ಮದುವೆಯೂ ಅಲ್ಲ, ಮದುವೆಯೇ ಅಲ್ಲ ಅಂದುಬಿಟ್ಟಿತು. ಹೆಂಡತಿಯಾಗಿ ಕೇಳಬಹುದಾಗಿದ್ದ ಆಸ್ತಿ ಪರಿಹಾರ ಅಲ್ಲಿಗೆ ಮುಗಿಯಿತು. ಸಹಿ ಬೇಡ ಅಂತ ಆಕೆ ಬಿಟ್ಟಿದ್ದಲ್ಲ. ನಮ್ಮ ಹಿರಿಯೂರು, ಹೊಳಲ್ಕೆರೆ ಹಳ್ಳಿಗಳಲ್ಲಿ ಇಂಥದ್ದೊಂದು ಕಾನೂನು ರಾತ್ರೋರಾತ್ರಿ ಬಂದರೆ ಏನಾಗುತ್ತದೆ ಅಂತ ಯೋಚಿಸಿ. ತಾಳಿ ಕಟ್ಟಿದವನೇ ನಾಳೆ, ಸಹಿ ಎಲ್ಲಿದೆ ತೋರಿಸು ಅಂತಾನೆ.

ಹಾಗಾಗಿ ನಾನು ಕೇಳುವ ಕಾನೂನಿನಲ್ಲಿ ಸಹಿ ಮಾಡಿಸುವ ಹೊಣೆ ಸರ್ಕಾರದ ಮೇಲೆ ಇರಬೇಕು. ಅಧಿಕಾರಿ ಕಲ್ಯಾಣ ಮಂಟಪಕ್ಕೆ, ಮಠದ ಸಾಮೂಹಿಕ ವಿವಾಹಕ್ಕೆ, ಹಳ್ಳಿಯ ಚಪ್ಪರಕ್ಕೆ ತಾನೇ ಬಂದು ಅಲ್ಲೇ ಸಹಿ ಹಾಕಿಸಿಕೊಂಡು ಹೋಗುವಂತಿರಬೇಕು. ಸಾಮೂಹಿಕ ವಿವಾಹದ ದಿ‌ನ ಮಂತ್ರಿಗಳಿಗೆ ವೇದಿಕೆ ಮೇಲೆ ಕುರ್ಚಿ ಹಾಕುವಾಗ ನೋಂದಣಿಯ ಮೇಜು ಒಂದನ್ನು ಹಾಕುವುದು ಕಷ್ಟವೇ? ಹಾಗೆ ಮಾಡಿಯೂ ಸಹಿ ತಪ್ಪಿಹೋದವರಿಗೆ ಈಗ ಇರುವ ರಕ್ಷಣೆ ಒಂದೂ ಹೋಗಕೂಡದು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, ಮದುವೆಯಂಥ ಸಂಬಂಧದಲ್ಲಿ ಬಾಳಿದ ಹೆಣ್ಣುಮಗಳಿಗೂ ರಕ್ಷಣೆ ಕೊಡುತ್ತದೆ. ಮದುವೆ ಅಸಿಂಧುವಾದರೂ ಅದರಲ್ಲಿ ಹುಟ್ಟಿದ ಮಕ್ಕಳಿಗೆ ತಂದೆ ತಾಯಿಯ ಪಾಲಿನ ಆಸ್ತಿಯಲ್ಲಿ ಹಕ್ಕಿದೆ ಅಂತ 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಹೇಳಿತು, ರೇವಣಸಿದ್ದಪ್ಪ ಪ್ರಕರಣ ಅಂತ, ಅದೂ ನಮ್ಮ ಕರ್ನಾಟಕದ್ದೇ. ಇವನ್ನೆಲ್ಲ ಹಾಗೇ ಉಳಿಸಿಕೊಂಡು ಅದರ ಮೇಲೆ ಸಹಿಯ ಮದುವೆ ತರಬೇಕು.

ಧರ್ಮದ ವಿಷಯಕ್ಕೆ ಸರ್ಕಾರ ಕೈ ಹಾಕಬಾರದು ಅನ್ನುವವರಿಗೆ ನಮ್ಮ ಸೀಮೆಯದೇ ಎರಡು ವಿಷಯ ನೆನಪಿಸುತ್ತೇನೆ. ಚಿತ್ರದುರ್ಗ ಮೈಸೂರು ಸಂಸ್ಥಾನದಲ್ಲಿದ್ದಾಗ, 1894ರಲ್ಲೇ, ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ಸಂಸ್ಥಾನ ನಿಷೇಧಿಸಿತು. ಶಾಸ್ತ್ರಕ್ಕೆ ವಿರೋಧ ಅಂತ ಆಗಲೂ ಕೂಗು ಎದ್ದಿತ್ತು. ಇವತ್ತು ಬಾಲ್ಯವಿವಾಹಕ್ಕೆ ಕರ್ನಾಟಕದಲ್ಲಿ ಬೇರೆ ಬಹಳಷ್ಟು ರಾಜ್ಯಗಳಿಗಿಂತ ಕಠಿಣ ಕಾನೂನಿದೆ. ಬೇರೆ ಕಡೆ ಅದು ಸಾಮಾನ್ಯವಾಗಿ ಬೇಕಾದರೆ ರದ್ದು ಮಾಡಿಸಿಕೊಳ್ಳಬಹುದಾದ ಮದುವೆ, ನಮ್ಮಲ್ಲಿ ರಾಜ್ಯದ ತಿದ್ದುಪಡಿ ಬಂದ ಮೇಲೆ ಹುಟ್ಟುವಾಗಲೇ ಅಸಿಂಧು. ಮಾಡಿಸಿದ ಪುರೋಹಿತರಿಗೂ ಎರಡು ವರ್ಷದವರೆಗೆ ಜೈಲು. ಎರಡನೆಯದು ಮುತ್ತು ಕಟ್ಟುವುದು. ಹರಪನಹಳ್ಳಿ ಸೀಮೆಯಲ್ಲಿ ಹೆಣ್ಣುಮಕ್ಕಳನ್ನು ದೇವರಿಗೆ ಮದುವೆ ಮಾಡಿ ಬಿಡುತ್ತಿದ್ದರಲ್ಲ, ಅದೂ ಧರ್ಮದ ಹೆಸರಿನ ಮದುವೆಯೇ. 1982ರ ದೇವದಾಸಿ ನಿಷೇಧ ಕಾಯ್ದೆ ಅದನ್ನು ಕಾನೂನುಬಾಹಿರ ಮಾಡಿತು, ಹಾಗೆ ಬಿಟ್ಟ ಹೆಣ್ಣುಮಗಳು ಮನುಷ್ಯನನ್ನು ಮದುವೆಯಾದರೆ ಆ ಮದುವೆ ಸಿಂಧು ಅಂತಲೂ ಹೇಳಿತು. ದೇವರ ಎದುರಿಗೆ ಆಗಿದ್ದೆಲ್ಲ ಮದುವೆ ಅಂತ ಕಾನೂನು ಒಪ್ಪಿಕೊಂಡು ಕೂತಿದ್ದರೆ ಆ ಹೆಣ್ಣುಮಕ್ಕಳ ಗತಿ ಏನಾಗುತ್ತಿತ್ತು?

ಮಂತ್ರಮಾಂಗಲ್ಯದ ಬಗ್ಗೆಯೂ ಒಂದು ಮಾತು, ಏಕೆಂದರೆ ನಿಮ್ಮಂಥ ಜೋಡಿಗಳು ಅದನ್ನು ಇಷ್ಟಪಡುತ್ತಾರೆ. ಕುವೆಂಪು ತಮ್ಮ ಮಗ ತೇಜಸ್ವಿಯವರ ಮದುವೆಯನ್ನು ಹಾಗೇ ಮಾಡಿದರು. ಪುರೋಹಿತರಿಲ್ಲ, ಮುಹೂರ್ತವಿಲ್ಲ, ಜಾತಿ ಇಲ್ಲ. ನನಗೆ ಬಹಳ ಪ್ರೀತಿಯ ಪದ್ಧತಿ. ಆದರೆ ತಮಿಳುನಾಡಿನಲ್ಲಿ ಅಣ್ಣಾದೊರೈ ಸರ್ಕಾರ 1967ರಲ್ಲಿ ಹಿಂದೂ ವಿವಾಹ ಕಾಯ್ದೆಗೆ 7ಎ ಕಲಂ ಸೇರಿಸಿ, ಪುರೋಹಿತರಿಲ್ಲದೆ ಆಗುವ ಸ್ವಾಭಿಮಾನ ಮದುವೆಗಳಿಗೆ ಕಾನೂನಿನ ಬಲ ಕೊಟ್ಟಿತು, ಹಾರ ಬದಲಾಯಿಸಿದರೂ ಸಾಕು ಅಲ್ಲಿ. ಕರ್ನಾಟಕ ಅಂಥ ತಿದ್ದುಪಡಿ ಮಾಡಲೇ ಇಲ್ಲ. ಕುವೆಂಪು ನಾಡಿನಲ್ಲಿ ಮಂತ್ರಮಾಂಗಲ್ಯದವರು ಕೊನೆಗೆ ವಿಶೇಷ ವಿವಾಹ ಕಾಯ್ದೆಯ ಆಸರೆ ಪಡೆಯಬೇಕು.

ಸಹಿಯ ಮದುವೆ ಎಲ್ಲರಿಗೂ ಸಮಾನ ಅಂತ ನಾನು ಹೇಳುವಾಗ ಎಲ್ಲರಿಗೂ ಅಂದ್ರೆ ಎಲ್ಲರಿಗೂ ಅಂತಲೇ ಅರ್ಥ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಐವರ ಪೀಠ, ಸಲಿಂಗ ಜೋಡಿಗಳ ಮದುವೆಗೆ ಮಾನ್ಯತೆ ಕೊಡುವುದು ಸಂಸತ್ತಿಗೆ ಬಿಟ್ಟದ್ದು ಅಂತ ಹೇಳಿತು. ಮದುವೆ ಬೇಡ, ಜೊತೆಗಾರರು ಅಂತಲಾದರೂ ಒಪ್ಪಿ ಅನ್ನೋ ಬೇಡಿಕೆಗೂ ಇಬ್ಬರು ನ್ಯಾಯಮೂರ್ತಿಗಳು ಮಾತ್ರ ಒಪ್ಪಿದರು, ಮೂವರು ಒಪ್ಪಲಿಲ್ಲ. ಆಸ್ಪತ್ರೆಯಲ್ಲಿ ಆಪರೇಷನ್ ಫಾರಂಗೆ ಸಹಿ ಹಾಕಲು, ಪಿಂಚಣಿಗೆ ನಾಮಿನಿ ಆಗಲು, ಬಾಡಿಗೆ ಮನೆ ಹಿಡಿಯಲು ಯಾವ ಶಾಸ್ತ್ರ ಬೇಕು? ಯಾವ ಮಠವೂ, ಮಸೀದಿಯೂ, ಚರ್ಚೂ ಇವರ ಮದುವೆ ಮಾಡಿಸಬೇಕಾಗಿಲ್ಲ, ಅದು ಅವುಗಳ ಸ್ವಾತಂತ್ರ್ಯ. ಸರ್ಕಾರಕ್ಕೆ ಅಂಥ ನೆಪ ಇಲ್ಲ.

ಇನ್ನು ನಿಮ್ಮ ಮದುವೆ ಕೆಲಸ. ಅಪ್ಪಾಜಿಯವರಿಗೆ ಎರಡು ಭಯ ಇರಬಹುದು, ಅವನ್ನು ಹೋಗಲಾಡಿಸಿ. ವಿಶೇಷ ವಿವಾಹ ಮಾಡಿಕೊಂಡರೆ ಕೂಡು ಕುಟುಂಬದ ಆಸ್ತಿಯಿಂದ ಹೊರಗೆ ಹಾಕುತ್ತಾರೆ ಅಂತ ಒಂದು ಮಾತು ಓಡಾಡುತ್ತದೆ. ಕಾಯ್ದೆಯ 19ನೇ ಕಲಂನಲ್ಲಿ ಹಾಗಿದೆ, ಆದರೆ 1976ರಲ್ಲಿ 21ಎ ಸೇರಿಸಿದ ಮೇಲೆ ಗಂಡು ಹೆಣ್ಣು ಇಬ್ಬರೂ ಹಿಂದೂಗಳಾದರೆ ಅದು ಅನ್ವಯಿಸಲ್ಲ. ಎರಡನೇ ಭಯ, ಸ್ವಾಮಿಗಳ ಆಶೀರ್ವಾದ ಎರಡನೇ ದರ್ಜೆ ಆಗುತ್ತದೆ ಅನ್ನೋದು. ಅದಕ್ಕೆ ಕಾಯ್ದೆಯ 12ನೇ ಕಲಂ ತೋರಿಸಿ. ಮದುವೆ ಕಚೇರಿಯಲ್ಲೇ ಆಗಬೇಕು ಅಂತ ಇಲ್ಲ, ಹೆಚ್ಚಿನ ಶುಲ್ಕ ಕಟ್ಟಿದರೆ ಹತ್ತಿರದ ಬೇರೆ ಜಾಗದಲ್ಲೂ ಆಗಬಹುದು. ಯಾವ ಪದ್ಧತಿಯಲ್ಲಿ ಬೇಕಾದರೂ ಆಗಬಹುದು. ಅಧಿಕಾರಿ ಮತ್ತು ಮೂರು ಸಾಕ್ಷಿಗಳ ಮುಂದೆ ಆ ಒಪ್ಪಿಗೆಯ ಮಾತು ಹೇಳಿದರೆ ಸಾಕು, ಅದೇ ಗಳಿಗೆಯಲ್ಲಿ ತಾಳಿ ಕಟ್ಟಿಕೊಳ್ಳಲು ಕಾನೂನು ಅಡ್ಡ ಬರಲ್ಲ. ಕಲ್ಯಾಣ ಮಂಟಪಕ್ಕೆ ಬರುತ್ತೀರಾ ಅಂತ ವಿವಾಹಾಧಿಕಾರಿಯನ್ನು ಮೊದಲೇ ಕೇಳಿ ನೋಡಿ.

ನೋಟೀಸಿನ ಬಗ್ಗೆ ಮಾತ್ರ ಮನಸ್ಸು ಗಟ್ಟಿ ಮಾಡಿಕೊಳ್ಳಿ. ನಿಮ್ಮಿಬ್ಬರಲ್ಲಿ ಒಬ್ಬರು ನೋಟೀಸು ಕೊಡುವ ಜಿಲ್ಲೆಯಲ್ಲಿ ಕಡೇ ಪಕ್ಷ 30 ದಿನದಿಂದ ವಾಸ ಇರಬೇಕು. ದಾವಣಗೆರೆಯಲ್ಲಿ ಕೊಟ್ಟರೆ ಅದರ ಪ್ರತಿ ಹುಡುಗನ ಖಾಯಂ ವಿಳಾಸದ ಜಿಲ್ಲೆ ಅಂತ ಚಿತ್ರದುರ್ಗದ ಕಡೆಗೂ ಹೋಗುತ್ತದೆ. 30 ದಿನ ಬೋರ್ಡಿಗೆ ಅಂಟಿಸಿರುತ್ತಾರೆ. ಶಾಸ್ತ್ರದ ಮದುವೆಗೆ ಇಲ್ಲದ ಈ ಶಿಕ್ಷೆ ಸಹಿಯ ಮದುವೆಗೆ ಯಾಕೆ ಅಂತ ನಾನು ಯಾವಾಗಲೂ ಕೇಳುತ್ತೇನೆ, ಮನೆಯವರ ವಿರೋಧ ಕಟ್ಟಿಕೊಂಡ ಮಕ್ಕಳ ಜೀವಕ್ಕೇ ಇದು ಕುತ್ತು, ತೆಗೆಯಲೇಬೇಕು. ನಿಮ್ಮ ಎರಡೂ ಮನೆ ಒಪ್ಪಿರುವುದರಿಂದ ನಿಮಗೆ ಭಯ ಕಮ್ಮಿ. ಯಾರಾದರೂ ನೆಂಟರು ತಕರಾರು ಹಾಕಿದರೂ ಜಾತಿ ಬೇರೆ ಅನ್ನೋದು ತಕರಾರಿಗೆ ಕಾರಣವೇ ಅಲ್ಲ. ವಯಸ್ಸು ಸಾಲದು, ಮೊದಲೇ ಮದುವೆಯಾಗಿದೆ, ಬುದ್ಧಿ ಸ್ವಾಧೀನದಲ್ಲಿಲ್ಲ, ನಿಷಿದ್ಧ ಸಂಬಂಧ, ಇಷ್ಟಕ್ಕೆ ಮಾತ್ರ ಕೇಳುತ್ತಾರೆ. ತಕರಾರು ಬಂದರೆ ಅಧಿಕಾರಿ 30 ದಿನದೊಳಗೆ ವಿಚಾರಣೆ ಮುಗಿಸಬೇಕು.

ಅಪ್ಪಾಜಿ ಮುಹೂರ್ತ ಇಡಿಸಿದ ಕೂಡಲೇ ಆ ದಿನದಿಂದ ಹಿಂದಕ್ಕೆ ಎಣಿಸಿ, ಕನಿಷ್ಠ ನಲವತ್ತು ದಿನ ಮುಂಚೆ ಹೋಗಿ ನೋಟೀಸು ಕೊಡಿ. ವಯಸ್ಸಿನ ದಾಖಲೆ, ವಿಳಾಸದ ದಾಖಲೆ, ಫೋಟೋ ಎಲ್ಲ ಮೂಲ ಪ್ರತಿ ಜೊತೆಗಿರಲಿ, ಸಾಕ್ಷಿಗೆ ಬರುವ ಮೂವರಿಗೂ ಈಗಲೇ ಹೇಳಿಡಿ. ಬಹಳ ಮುಂಚೆ ಕೊಟ್ಟುಬಿಡುವುದೂ ಬೇಡ. ನೋಟೀಸು ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಅದು ಬಿದ್ದುಹೋಗುತ್ತದೆ, ಮತ್ತೆ ಮೊದಲಿಂದ ಕೊಡಬೇಕಾಗುತ್ತದೆ.